ಒಂದೇ ಕೋಟು ತೊಟ್ಟ ನಾಲ್ವರು

ಕಕ್ಕಿಂಜೆಯ ಅಂಗನವಾಡಿ ಟೀಚರ್ ನನ್ನನ್ನು ಹುಡುಕಿಕೊಂಡು ಮೂಡುಬಿದಿರೆಗೆ ಬಂದ ದಿನ ನಾನು ಮೂರನೆಯ ಪೆಟ್ಟಿಗೆಯ ಕೆಲಸ ಮುಗಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ನಮ್ಮದು ತಾಲೂಕಿನ ಚಿಕ್ಕ ವಸ್ತುಸಂಗ್ರಹಾಲಯ. ಕೆಳಗೆ ನೇಗಿಲು, ಕಳಸೆ, ತಾಳೆಗರಿ; ಮೇಲಿನ ಒಂದೇ ಕೋಣೆಯಲ್ಲಿ ದಾಖಲೆಗಳು. ಆ ಕೋಣೆಯ ಬೀಗದ ಕೈ ನನ್ನದು. ಬೆಳ್ತಂಗಡಿಯಲ್ಲಿ ಬಹಳ ವರ್ಷ ನಡೆದು ಮುಚ್ಚಿಹೋದ ಒಂದು ಫೋಟೊ ಸ್ಟುಡಿಯೊದ ಸಾಮಾನುಗಳನ್ನು, ಅದರ ಮಾಲೀಕರು ತೀರಿಕೊಂಡ ಮೇಲೆ, ಮನೆಯವರು ನಮಗೆ ಒಪ್ಪಿಸಿದ್ದರು. ಎರಡು ಕ್ಯಾಮೆರಾ, ಒಂದು ಸ್ಟೂಲು, ಉದ್ದನೆಯ ರಿಜಿಸ್ಟರ್ ಪುಸ್ತಕಗಳು, ತಗಡಿನ ನಾಲ್ಕು ಪೆಟ್ಟಿಗೆ ತುಂಬ ನೆಗೆಟಿವ್.

ನೆಗೆಟಿವ್‌ಗಳಲ್ಲಿ ಮುಕ್ಕಾಲು ಪಾಲು ಪಾಸ್‌ಪೋರ್ಟ್ ಪಟಗಳು. ಈ ಕಡೆಯ ಗಂಡಸರು ಗಲ್ಫಿಗೆ ಹೊರಡತೊಡಗಿದ ಕಾಲದವು. ಹೊರಟವರಲ್ಲಿ ಹೆಚ್ಚಿನವರಿಗೆ ಸ್ವಂತ ಕೋಟು ಇರಲಿಲ್ಲ. ಕೋಟು ಹಾಕಿದರೆ ವೀಸಾ ಬೇಗ ಸಿಗುತ್ತದೆಂಬ ನಂಬಿಕೆ ಮಾತ್ರ ಎಲ್ಲರಿಗೂ ಇತ್ತು. ಸ್ಟುಡಿಯೊದ ಮೊಳೆಗೆ ನೇತುಹಾಕಿದ್ದ ಒಂದು ಕಪ್ಪು ಕೋಟನ್ನು, ಮೊದಲೇ ಗಂಟು ಹಾಕಿಟ್ಟ ಒಂದು ಟೈಯನ್ನು ಎಲ್ಲರೂ ಸರದಿಯಂತೆ ತೊಟ್ಟು ಕೂತಿದ್ದರು. ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟು ನೋಡಿದರೆ ಅದೇ ಕೋಟು, ಅದೇ ಟೈ. ಮುಖ ಮಾತ್ರ ಬೇರೆ.

"ನನ್ನ ಬಾಪನ ಫೋಟೊ ನಿಮ್ಮಲ್ಲಿ ಇರಬಹುದು ಸಾರ್," ಎಂದರು ಟೀಚರ್. ಐವತ್ತರ ಆಸುಪಾಸು, ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಯವರು. ಕಪ್ಪು ಶಿರವಸ್ತ್ರದ ಅಂಚನ್ನು ಗಲ್ಲದ ಕೆಳಗೆ ಅಚ್ಚುಕಟ್ಟಾಗಿ ಪಿನ್ ಮಾಡಿದ್ದರು. ನಾನು ಕುರ್ಚಿ ಎಳೆದು ಕೊಟ್ಟೆ. ಕೂತು, ಪಾಠ ಒಪ್ಪಿಸುವಂತೆ ಒಂದೊಂದೇ ಹೇಳಿದರು. ತಂದೆ ಚಾರ್ಮಾಡಿ ಘಾಟಿಯಲ್ಲಿ ಮರದ ಲಾರಿಗೆ ಲೋಡು ಹಾಕುತ್ತಿದ್ದವರು. ಇವರು ತಾಯಿಯ ಹೊಟ್ಟೆಯಲ್ಲಿದ್ದಾಗ ಗಲ್ಫಿಗೆ ಹೋದರು. ಎರಡು ವರ್ಷ ತುಂಬುವ ಮೊದಲೇ ಕೆಲಸದ ಜಾಗದಲ್ಲಿ ಬಿದ್ದು ತೀರಿಕೊಂಡರು. ಅಲ್ಲಿಯೇ ಮಣ್ಣು ಮಾಡಿದರು. ಪಾಸ್‌ಪೋರ್ಟ್ ಹಿಂದೆ ಬರಲಿಲ್ಲ. ಮನೆಯಲ್ಲಿ ಚಿತ್ರ ಇಡಬಾರದೆಂಬುದು ಅಜ್ಜನ ಕಟ್ಟುನಿಟ್ಟು. ಹಾಗಾಗಿ ಒಂದು ಪ್ರತಿಯೂ ಉಳಿದಿಲ್ಲ.

"ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅಂತ ಕೇಳ್ತೀರೇನೋ," ಎಂದರು. "ಬಾಪನ ಮುಖ ನೋಡಿದವರು ಈಗ ಒಬ್ಬರೇ ಇರುವುದು. ಅವರ ಅಕ್ಕ, ನನ್ನ ಅತ್ತೆ. ಅವರ ಕಣ್ಣಿನ ನರ ಹೋಗ್ತಾ ಉಂಟು. ಈಗ ಬಿಸಿಲಲ್ಲಿ ಹತ್ತಿರ ಹಿಡಿದರೆ ಕಾಣ್ತದೆ. ಬರುವ ವರ್ಷ ಕಾಣುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಅವರು ಹೌದು ಅಂತ ಹೇಳದಿದ್ದರೆ ನನಗೆ ಗೊತ್ತಾಗುವುದು ಹೇಗೆ?"

ರಿಜಿಸ್ಟರ್ ತೆಗೆದೆ. ರಂಜಾನ್ ಕಳೆದು, ಚಳಿ ಹಿಡಿಯುವ ಮೊದಲು ಹೊರಟಿದ್ದರೆಂದು ಟೀಚರಿಗೆ ಗೊತ್ತಿತ್ತು. ಆ ವರ್ಷದ ಪುಸ್ತಕದಲ್ಲಿ ಎರಡು ತಿಂಗಳ ಪುಟಗಳನ್ನು ಇಬ್ಬರೂ ಬೆರಳಿಟ್ಟು ಓದಿದೆವು. ಸ್ಟುಡಿಯೊ ಮಾಲೀಕರ ಅಕ್ಷರ ದುಂಡಗೆ, ಚೆನ್ನಾಗಿತ್ತು. ಒಂದೇ ಹೆಸರಿನ ಹಲವರು ಇದ್ದುದರಿಂದ ಅವರು ಹೆಸರಿನ ಮುಂದೆ ಊರು, ಕಸುಬು ಬರೆಯುತ್ತಿದ್ದರು. ಹತ್ತೇ ನಿಮಿಷದಲ್ಲಿ ಟೀಚರ ಬೆರಳು ನಿಂತಿತು. ಸಂಖ್ಯೆ ೨೧೪೬. ತಂದೆಯ ಹೆಸರು, ಅದರ ಪಕ್ಕದಲ್ಲಿ 'ಕಕ್ಕಿಂಜೆ, ಲಾರಿ' ಎಂದು.

"ಸಿಕ್ಕಿತಲ್ಲ ಸಾರ್. ಹಾಗಾದರೆ ಈ ನಂಬರಿನ ಕವರ್ ತೆಗೆಯುವ," ಎಂದರು.

ಆ ಸಂಖ್ಯೆ ಮೂರನೆಯ ಪೆಟ್ಟಿಗೆಯದು; ಕವರ್ ತೆಗೆಯಲು ನಾನು ಏಳಲಿಲ್ಲ. ಏಕೆಂದು ಹೇಳಬೇಕಾದರೆ ಒಂದು ತಿಂಗಳು ಹಿಂದೆ ಹೋಗಬೇಕು.

ಸ್ಟುಡಿಯೊದವರು ಪಾಸ್‌ಪೋರ್ಟ್ ನೆಗೆಟಿವ್‌ಗಳನ್ನು ಒಂದೊಂದಾಗಿ ಕತ್ತರಿಸಿ, ಒಂದೊಂದನ್ನೂ ಬೆಣ್ಣೆ ಕಾಗದದ ಕವರಿನಲ್ಲಿ ಹಾಕಿ, ಕವರಿನ ಮೇಲೆ ಪೆನ್ಸಿಲಿನಿಂದ ರಿಜಿಸ್ಟರಿನ ಸಂಖ್ಯೆ ಬರೆದಿಡುತ್ತಿದ್ದರು. ನೆಗೆಟಿವ್‌ನ ಮೇಲೆ ಸಂಖ್ಯೆ ಇಲ್ಲ. ಕವರು ಹೋದರೆ ಹೆಸರೂ ಹೋಯಿತು. ಮೊದಲೆರಡು ಪೆಟ್ಟಿಗೆಗಳಲ್ಲಿ ನಾನು ನಿಯಮದಂತೆ ಪ್ರತಿ ಕವರಿನ ಬರಹವನ್ನು ನಕಲು ಮಾಡಿಕೊಂಡು, ಆಮೇಲೆ ಹೊಸ ಕವರಿಗೆ ಬದಲಿಸಿದ್ದೆ. ಮೂರನೆಯ ಪೆಟ್ಟಿಗೆ ತೆರೆದಾಗ ಜೋರು ಮಳೆಗಾಲ. ಒಳಗೆಲ್ಲ ಬೂಷ್ಟು. ಕವರುಗಳು ಒದ್ದೆ ಹಪ್ಪಳದಂತೆ ಮೆತ್ತಗಾಗಿ ನೆಗೆಟಿವ್‌ಗೆ ಅಂಟುತ್ತಿದ್ದವು. ಬೂಷ್ಟು ಹಬ್ಬುವ ಮೊದಲು ಒಣಗಿಸಬೇಕೆಂಬ ಗಡಿಬಿಡಿಯಲ್ಲಿ, ಪೆಟ್ಟಿಗೆಯಲ್ಲಿದ್ದ ಸಾಲಿನಲ್ಲೇ ಹರಡಿಟ್ಟರೆ ಸಾಕು, ಸಾಲೇ ಸಂಖ್ಯೆ ಎಂದು ಲೆಕ್ಕ ಹಾಕಿ, ಕವರುಗಳನ್ನು ತೆಗೆದು ಹಿತ್ತಿಲಲ್ಲಿ ಒಣ ತೆಂಗಿನ ಮಡಲಿನ ಜೊತೆ ಸುಟ್ಟೆ. ನೆಗೆಟಿವ್‌ಗಳನ್ನು ನೆಲದ ಮೇಲೆ ಕಾಗದ ಹಾಸಿ ಸಾಲಾಗಿ ಇಟ್ಟೆ. ಮಧ್ಯಾಹ್ನ ಊಟಕ್ಕೆ ಹೋದಾಗ ಕರೆಂಟು ಇರಲಿಲ್ಲ. ಫ್ಯಾನಿನ ಸ್ವಿಚ್ಚು ಹಾಕಿಯೇ ಇತ್ತು. ಕರೆಂಟು ಬಂತು. ನಾನು ಮರಳಿ ಬಾಗಿಲು ತೆರೆದಾಗ ಮುಖಗಳೆಲ್ಲ ಕೋಣೆಯ ಮೂಲೆಗಳಲ್ಲಿ ರಾಶಿ ಬಿದ್ದಿದ್ದವು.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಗುಡಿಸಿದಂತೆ ಒಟ್ಟು ಮಾಡಿ, ಶುಚಿ ಮಾಡಿ, ಹೊಸ ಕವರಿಗೆ ಹಾಕಿ, ಕ್ಯಾಟಲಾಗಿನಲ್ಲಿ ಪ್ರತಿಯೊಂದರ ಎದುರು 'ಗುರುತಿಲ್ಲ' ಎಂದು ಬರೆದೆ. ಬರೆಯುವಾಗ ನಾಚಿಕೆ ಆಗಲಿಲ್ಲ ಎಂಬುದು ಈಗ ಹೆಚ್ಚು ಚುಚ್ಚುತ್ತದೆ. ಕೆಲಸ ಮುಗಿಯಿತಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

"ಆ ಕವರುಗಳು ಗೆದ್ದಲು ಹಿಡಿದು ಹೋಗಿವೆ ಟೀಚರೇ," ಎಂದೆ. ನಾಲಿಗೆ ಎಷ್ಟು ಸಲೀಸಾಗಿ ತಿರುಗಿತೆಂದರೆ ನನಗೇ ಆಶ್ಚರ್ಯವಾಯಿತು.

ಅವರು ರಿಜಿಸ್ಟರಿನ ಆ ಸಾಲನ್ನು ಮತ್ತೊಮ್ಮೆ ನೋಡಿದರು. "ಗೆದ್ದಲಿಗೆ ಎಂತ ಹೇಳುವುದು," ಎಂದು ಎದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟರು. ಕಕ್ಕಿಂಜೆಗೆ ಎರಡು ಬಸ್ಸು ಬದಲಿಸಬೇಕು.

ಮೂರು ದಿನ ನಾನು ಬೇರೆ ಕೆಲಸ ಹಿಡಿದೆ. ಮನೆಯಲ್ಲಿ ಹೆಂಡತಿ ಚಹಾಕ್ಕೆ ಸಕ್ಕರೆ ಹಾಕಲಿಲ್ಲವೆಂದು ರೇಗಿದೆ, ಹಾಕಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಕ್ಯಾಟಲಾಗಿನ ಮೂರನೆಯ ಪೆಟ್ಟಿಗೆಯ ಮೊದಲ ಪುಟ ತೆಗೆದು ಬರೆದೆ: 'ಮೂಲ ಕವರುಗಳನ್ನು ಸಂಖ್ಯೆ ನಕಲು ಮಾಡದೆ ಸುಟ್ಟವನು ನಾನು. ಸಾಲು ತಪ್ಪಿದ್ದೂ ನನ್ನ ಅಜಾಗ್ರತೆಯಿಂದ.' ಕೆಳಗೆ ಸಹಿ ಹಾಕಿ, ಪುಸ್ತಕವನ್ನು ಸಂಗ್ರಹಾಲಯದ ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದರು. "ಇದನ್ನು ಬರೆಯದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ಆಮೇಲೆ ಟೀಚರಿಗೆ ಫೋನು ಮಾಡಿದೆ. ಗೆದ್ದಲಲ್ಲ, ನಾನು ಎಂದೆ. ಆಚೆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಟೀಚರ್, "ಹುಡುಕಲಿಕ್ಕೆ ದಾರಿ ಉಂಟಾ ಸಾರ್?" ಎಂದು ಮಾತ್ರ ಕೇಳಿದರು. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ದಾರಿ ಒಂದಿತ್ತು, ಹುಚ್ಚು ದಾರಿ. ಪಾಸ್‌ಪೋರ್ಟ್ ಪಟಕ್ಕೆ ಬಳಸುತ್ತಿದ್ದ ದೊಡ್ಡ ಕ್ಯಾಮೆರಾದ ಒಂದು ರೋಲಿನಲ್ಲಿ ಹನ್ನೆರಡು ಪಟ. ಫಿಲ್ಮ್ ತಯಾರಿಸಿದವರೇ ಅಂಚಿನಲ್ಲಿ ಒಂದರಿಂದ ಹನ್ನೆರಡರ ತನಕ ಸಣ್ಣ ಅಂಕಿ ಮುದ್ರಿಸಿರುತ್ತಾರೆ. ಅದು ಹೆಸರು ಹೇಳುವುದಿಲ್ಲ, ಆದರೆ ಯಾರ ನಂತರ ಯಾರು ಕೂತರೆಂದು ಹೇಳುತ್ತದೆ. ಯಾವ ಪಟ ಯಾವ ರೋಲಿನದೆಂದು ತಿಳಿಯಬೇಕಾದರೆ ಕತ್ತರಿಸಿದ ಅಂಚುಗಳನ್ನು ಹೊಂದಿಸಬೇಕು. ಪುಣ್ಯಕ್ಕೆ ಸ್ಟುಡಿಯೊದವರ ಕೈ ನೇರವಾಗಿರಲಿಲ್ಲ. ಕತ್ತರಿಸಿದ ಪ್ರತಿ ಗೆರೆಯೂ ಬೇರೆ ಬೇರೆ ಓರೆ. ಒಂದರ ಬಲ ಅಂಚಿನ ಓರೆಗೆ ಇನ್ನೊಂದರ ಎಡ ಅಂಚು ಸರಿಯಾಗಿ ಕೂತರೆ ಅವರಿಬ್ಬರೂ ಅಕ್ಕಪಕ್ಕದವರು.

ಹತ್ತಿಯ ಕೈಗವಸು ಹಾಕಿ, ಬೆಳಕಿನ ಪೆಟ್ಟಿಗೆಯ ಮೇಲೆ, ಭೂತಗನ್ನಡಿ ಹಿಡಿದು ಶುರು ಮಾಡಿದೆ. ಮೊದಲು ಅಂಚಿನ ಅಂಕಿಯ ಪ್ರಕಾರ ಹನ್ನೆರಡು ಗುಂಪು. ಆಮೇಲೆ ಒಂದರ ಪಕ್ಕ ಎರಡರ ಗುಂಪಿನ ಪ್ರತಿಯೊಂದನ್ನೂ ಇಟ್ಟು ನೋಡುವುದು. ದಿನಕ್ಕೆ ನಾಲ್ಕು ಜೋಡಿ ಸಿಕ್ಕಿದರೆ ಹಬ್ಬ. ಕೆಲವು ದಿನ ಒಂದೂ ಇಲ್ಲ. ಬೂಷ್ಟು ಅಂಚನ್ನು ತಿಂದಲ್ಲಿ ಹೊಂದಿಕೆ ಮೋಸ ಮಾಡುತ್ತಿತ್ತು. ಎರಡು ವಾರ ಸರಿಯೆಂದು ನಂಬಿದ್ದ ಒಂದು ರೋಲಿನಲ್ಲಿ ಹಿಂದಿನ ಪರದೆಯ ಮಡಿಕೆಯೇ ಬೇರೆ ಎಂದು ಕಂಡು, ಎಲ್ಲವನ್ನೂ ಬಿಚ್ಚಿ ಹಾಕಿದೆ. ಟೀಚರ್ ಪ್ರತಿ ಭಾನುವಾರ ಫೋನು ಮಾಡಿ ಅತ್ತೆಯ ಸುದ್ದಿ ಹೇಳುತ್ತಿದ್ದರು. ಒಂದು ವಾರ, "ನಿನ್ನೆ ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ ಅಂತ ಹೇಳಿದರು," ಎಂದರು. ನಾನು ಊಟದ ವಿರಾಮ ಬಿಟ್ಟೆ.

ಮಳೆ ನಿಲ್ಲುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ರೋಲುಗಳು ಪೂರ್ತಿಯಾಗಿಯೋ ಅರ್ಧವೋ ಜೋಡಣೆಯಾದವು. ಆದರೆ ಯಾವ ರೋಲು ಯಾವ ತಿಂಗಳದ್ದು? ಹೆಸರು ಗೊತ್ತಿರುವ ಒಂದಾದರೂ ಮುಖ ಬೇಕು. ರಿಜಿಸ್ಟರಿನಲ್ಲಿ ೨೧೪೬ರ ಹಿಂದೆ ಮುಂದೆ ಇದ್ದ ಹೆಸರುಗಳನ್ನು ಬರೆದುಕೊಂಡು ಊರೂರು ವಿಚಾರಿಸಿದೆ. ಕೆಲವರು ಇಲ್ಲ, ಕೆಲವರ ಮನೆಯೇ ಇಲ್ಲ. ೨೧೩೯ನೆಯವರು ಮಾತ್ರ ಗಟ್ಟಿಯಾಗಿ ಇದ್ದರು. ಗಲ್ಫಿನಿಂದ ಮರಳಿ, ಬಂಟ್ವಾಳದಲ್ಲಿ ಹೋಟೆಲು ನಡೆಸುತ್ತಿರುವ ಶೆಟ್ಟರು.

ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಅವರು ನನ್ನ ಫೋನಿನಲ್ಲಿ ಒಂದೊಂದೇ ಮುಖ ಸರಿಸಿದರು. ಒಂದು ಮುಖದ ಮೇಲೆ ಬೆರಳು ನಿಲ್ಲಿಸಿ, ಬಹಳ ಹೊತ್ತು ನೋಡಿ, "ಇವ ನಾನೇ ಮಾರಾಯ್ರೆ," ಎಂದರು. "ಈ ಕೋಟಿನ ಒಂದು ಗುಬ್ಬಿ, ಬಟನು, ಇರಲಿಲ್ಲ, ಗೊತ್ತುಂಟಾ? ಬೆನ್ನಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬಿಗಿ ಮಾಡ್ತಿದ್ದರು. ಕೆಳಗೆ ನನ್ನದು ಲುಂಗಿಯೇ."

"ನಿಮ್ಮ ಮೊದಲು, ಆಮೇಲೆ ಯಾರು ಕೂತರು ಅಂತ ನೆನಪುಂಟಾ?"

"ಅದೆಲ್ಲ ಎಲ್ಲಿ? ನನ್ನ ನಂತರ ಕೂತವರಲ್ಲಿ ಒಬ್ಬ ಬ್ಯಾರಿ ಹುಡುಗ ಇದ್ದ, ಅದೇ ಕೋಟು ಹಾಕಿದ. ನನ್ನ ಬೆವರು ಆರಿರಲಿಲ್ಲ. ಅವನ ಹೆಸರು ಕೇಳಬೇಕು ಅಂತ ಆವತ್ತು ತೋರಲಿಲ್ಲ ನೋಡಿ." ಆ ಮಾತಿಗೆ ಅವರು ನಗಲಿಲ್ಲ. ಆ ದಿನ ನನ್ನಿಂದ ಊಟದ ದುಡ್ಡು ತೆಗೆದುಕೊಳ್ಳಲಿಲ್ಲ.

ಶೆಟ್ಟರ ಪಟದ ಅಂಚಿನ ಅಂಕಿ ಐದು. ಅವರಿಂದ ಏಳನೆಯವರು ಟೀಚರ ತಂದೆ. ಐದಕ್ಕೆ ಏಳು ಸೇರಿಸಿದರೆ ಹನ್ನೆರಡು, ಆ ರೋಲಿನ ಕೊನೆಯ ಪಟ. ಇಷ್ಟು ಸುಲಭವೇ ಎಂದು ಕುಣಿಯುವಷ್ಟರಲ್ಲಿ ಇನ್ನೊಂದು ಕ್ಯಾಮೆರಾದ ನೆನಪಾಯಿತು. ಮಕ್ಕಳ ಪಟ, ಮನೆಮಂದಿಯ ಪಟಗಳನ್ನು ಅವರು ಸಣ್ಣ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು. ಯಾರದನ್ನು ಯಾವುದರಲ್ಲಿ ತೆಗೆದರೆಂದು ರಿಜಿಸ್ಟರಿನಲ್ಲಿ ಇಲ್ಲ. ನಡುವಿನ ಆರು ಜನರಲ್ಲಿ ಎಷ್ಟು ಜನ ಸಣ್ಣ ಕ್ಯಾಮೆರಾಕ್ಕೆ ಹೋದರೋ ಅಷ್ಟು ಅಂಕಿ ಟೀಚರ ತಂದೆ ಹಿಂದೆ ಬರುತ್ತಾರೆ. ಆರರಿಂದ ಎಂಟರ ತನಕದ ಪಟಗಳಲ್ಲಿ ಇದ್ದವರು ನಡುವಯಸ್ಸು ದಾಟಿದವರು. ಉಳಿದದ್ದು ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ನಾಲ್ವರು ತರುಣರು, ನಾಲ್ವರ ಮೈಮೇಲೂ ಅದೇ ಕೋಟು, ನಾಲ್ವರದೂ ಬರಿತಲೆ. ಪಾಸ್‌ಪೋರ್ಟಿಗೆ ತಲೆ ಮುಚ್ಚಿರಬಾರದು ಎಂದು ಆಗ ಸ್ಟುಡಿಯೊದವರು ಹೇಳುತ್ತಿದ್ದರಂತೆ.

ಗುರುತಾಗದವರ ಪಟದ ಕಾಗದದ ಪ್ರತಿಯನ್ನು ಹೊರಗೆ ಒಯ್ಯಬಾರದೆಂಬುದು ನಮ್ಮ ನಿಯಮ. ಅದನ್ನು ಬರೆದವನೂ ನಾನೇ. ಕಾರ್ಯದರ್ಶಿಗಳ ಹತ್ತಿರ ಹೋಗಿ, ನಾಲ್ಕು ಪಟ ದೊಡ್ಡದು ಮಾಡಿ ಕಕ್ಕಿಂಜೆಗೆ ಒಯ್ಯುತ್ತೇನೆ, ಮೂರನ್ನು ಹಿಂದೆ ತರುತ್ತೇನೆ ಎಂದೆ. "ನಾಲ್ಕನ್ನೂ ತರಬೇಕಾದರೆ?" ಎಂದರು. ಹೊರಗೆ ಒಯ್ಯುವ ಚೀಟಿಯನ್ನು ಅವರ ಮುಂದಿಟ್ಟೆ. ಅವರು ಚೀಟಿಗೆ ಸಹಿ ಹಾಕಿದರು.

ಅತ್ತೆಯ ಮನೆ ಚಾರ್ಮಾಡಿ ರಸ್ತೆಯಿಂದ ಸ್ವಲ್ಪ ಒಳಗೆ. ಬೆಳಿಗ್ಗೆ ಹತ್ತರ ಬಿಸಿಲಿಗೆ ಅಂಗಳದಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸಿದ್ದರು. ತೆಳ್ಳಗಿನ, ನೆಟ್ಟಗೆ ಕೂರುವ ಮುದುಕಿ. ನನ್ನೊಡನೆ ತುಳುವಿನಲ್ಲೇ ಮಾತಾಡಿದರು. ಊಟ ಆಯಿತಾ, ಮನೆ ಎಲ್ಲಿ, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸಿ, ಆಮೇಲೆ ಕೈ ಚಾಚಿದರು. ಟೀಚರ್ ನನ್ನ ಬಳಿ ಬಂದು ಮೆಲ್ಲಗೆ, "ನಾನು ಮೊದಲು ನೋಡುವುದಿಲ್ಲ ಸಾರ್. ನೋಡಿದರೆ ನನಗೆ ಬೇಕಾದವರನ್ನೇ ಬಾಪ ಮಾಡಿಕೊಂಡೇನು," ಎಂದು ಬೆನ್ನು ತಿರುಗಿಸಿ ನಿಂತರು.

ಅತ್ತೆ ಮೊದಲ ಪಟವನ್ನು ಕಣ್ಣಿನ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದರು. "ಇಂಬೆ ಅತ್ತ್," ಎಂದರು. ಇವನಲ್ಲ. ಎರಡನೆಯದನ್ನು ನೋಡಿ ಅದೇ ಮಾತು. ಮೂರನೆಯದಕ್ಕೂ ಅದೇ. ನಾಲ್ಕನೆಯದನ್ನು ಬಹಳ ಹೊತ್ತು ನೋಡಿ ಮಡಿಲಲ್ಲಿ ಇಟ್ಟುಕೊಂಡರು. "ಇವರು ಯಾರೂ ಅಲ್ಲ. ಇವರೆಲ್ಲ ಆಫೀಸಿನವರು," ಎಂದರು.

ಟೀಚರ ಬೆನ್ನು ಅಲುಗಲಿಲ್ಲ. ಮೂರು ತಿಂಗಳ ಜೋಡಣೆ, ಅಂಕಿ, ಓರೆ, ಎಲ್ಲ ಗಾಳಿಗೆ ಹೋಯಿತು. ನಾನು ಸುಟ್ಟ ಕವರಿನ ಪಾಪ ಇಲ್ಲಿ, ಈ ಅಂಗಳದಲ್ಲಿ ಇವರು ಅನುಭವಿಸಬೇಕಾಯಿತಲ್ಲ ಎಂದು ಸಂಕಟವಾಯಿತು. ಸುಮ್ಮನೆ ನಿಲ್ಲಲಾರದೆ, ನಿಮ್ಮ ತಮ್ಮ ನೋಡಲಿಕ್ಕೆ ಹೇಗಿದ್ದ ಎಂದು ಅತ್ತೆಯನ್ನು ಕೇಳಿದೆ.

"ಹೇಗಿದ್ದ ಅಂದರೆ? ಎಲ್ಲರ ಹಾಗೆ. ತಲೆಗೆ ಮುಂಡಾಸು," ಎಂದರು ಅತ್ತೆ.

"ಯಾವಾಗಲೂ?"

"ನಮಾಜಿಗೆ ಟೊಪ್ಪಿ. ಉಳಿದಂತೆ ಮುಂಡಾಸೇ. ಘಾಟಿಯ ಚಳಿಗೆ ಕಿವಿಯ ಮೇಲೆ ಎಳೆದು ಕಟ್ತಿದ್ದ. ಮೀಸೆ ಬಂದ ಮೇಲೆ ಅವನನ್ನು ಬರಿತಲೆಯಲ್ಲಿ ನಾನು ನೋಡಲಿಲ್ಲ. ಅಕ್ಕನ ಎದುರು ಬರಿತಲೆಯಲ್ಲಿ ಯಾರು ಬರ್ತಾರೆ?"

ಆಗ ನನಗೆ ಹೊಳೆಯಿತು. ನಾನು ತಂದದ್ದು ಈಕೆ ಒಮ್ಮೆಯೂ ಕಾಣದ ತಮ್ಮನನ್ನು. ಕಿಸೆಯಿಂದ ಬಿಳಿಯ ಕರವಸ್ತ್ರ ತೆಗೆದು, ಉದ್ದಕ್ಕೆ ಮಡಚಿ, ಮೊದಲ ಪಟವನ್ನು ಮತ್ತೆ ಅವರ ಮಡಿಲಲ್ಲಿಟ್ಟು ಅದರ ತಲೆಯ ಮೇಲೆ ಅಡ್ಡ ಇಟ್ಟೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. "ಹಾಗಲ್ಲ ಕಟ್ಟುವುದು," ಎಂದರು. ಕರವಸ್ತ್ರವನ್ನು ತಾವೇ ತೆಗೆದುಕೊಂಡು, ಬೆರಳಿನಿಂದ ತಡವಿ, ಹಣೆಯ ಮೇಲೆ ಓರೆಯಾಗಿ ಒಂದು ಸುತ್ತು, ಬಲಗಿವಿಯ ಮೇಲೆ ಇಳಿಬಿಟ್ಟು, ಎಡಗಿವಿಯ ಮೇಲೆ ಮಡಚಿ ಇಟ್ಟರು. ಕಣ್ಣು ಸೋತಿದ್ದರೂ ಬೆರಳಿಗೆ ಮರೆವು ಇರಲಿಲ್ಲ. ಒಂದನೆಯ ಪಟ ನೋಡಿ ಪಕ್ಕಕ್ಕಿಟ್ಟರು. ಎರಡನೆಯದಕ್ಕೆ ಹಾಗೆಯೇ ಮುಂಡಾಸು ಕಟ್ಟಿದರು.

ಕಟ್ಟಿದವರು ಮುಖ ಎತ್ತಲಿಲ್ಲ. ಆ ಪಟಕ್ಕೆ ತುಳುವಿನಲ್ಲಲ್ಲ, ತಮ್ಮ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ. ಟೀಚರ್ ತಿರುಗಿದರು. ಅವರ ಕೆನ್ನೆ ಒದ್ದೆಯಾಗಿತ್ತು.

"ಎಂತ ಹೇಳಿದರು?" ಎಂದೆ.

"ಹೋಗುವಾಗ ನನಗೆ ಹೇಳಿ ಹೋಗಲಿಲ್ಲ ಯಾಕೆ ಅಂತ ಕೇಳ್ತಿದ್ದಾರೆ. ಬಾಪ ಹೊರಟ ದಿನ ಇವರು ಗಂಡನ ಮನೆಯಲ್ಲಿ ಇದ್ದರಂತೆ."

ಉಳಿದ ಎರಡನ್ನೂ ನೋಡಿ ಎಂದು ನಾನು ಹೇಳಬೇಕಾಗಿತ್ತು. ಕೆಲಸದ ಕ್ರಮ ಅದು. ಹೇಳಿಯೂ ಹೇಳಿದೆ. ಅವರು ಎರಡಕ್ಕೂ ಮುಂಡಾಸು ಕಟ್ಟಿ, ಅಲ್ಲ ಎಂದು ನನ್ನ ಕೈಗೇ ಕೊಟ್ಟು, ಎರಡನೆಯದಕ್ಕೇ ಮತ್ತೆ ಮುಂಡಾಸು ಕಟ್ಟಿದರು. ಉಳಿದದ್ದು ಅಂಚಿನಲ್ಲಿ ಹತ್ತು ಎಂದಿದ್ದ ಪಟ. ನಡುವಿನ ಇಬ್ಬರು ಸಣ್ಣ ಕ್ಯಾಮೆರಾಕ್ಕೆ ಹೋಗಿದ್ದರೆ ಲೆಕ್ಕ ಸರಿ ಬರುತ್ತದೆ. ಆದರೆ ಆ ಲೆಕ್ಕವೊಂದೇ ಸಾಲದು, ತೊಂಬತ್ತರ ಹತ್ತಿರದ ಸೋತ ಕಣ್ಣೂ ಒಂದೇ ಸಾಲದು ಎಂಬ ಅನುಮಾನ ನನ್ನೊಳಗೆ ಇದ್ದೇ ಇತ್ತು. ದಾಖಲೆಯ ಕೆಲಸದವನ ಹಾಳು ಬುದ್ಧಿ ಅದು.

ಟೀಚರ್ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತರು. ಮುಂಡಾಸು ಕಟ್ಟಿದ ಮುಖವನ್ನು ಮೊದಲು ನೋಡಿದರು. ಅಪರಿಚಿತರನ್ನು ನೋಡುವಂತೆ, ಮರ್ಯಾದೆಯಿಂದ ನೋಡಿದರು. ಆಮೇಲೆ ಅತ್ತೆಯನ್ನು ಕೇಳಿ, ಕರವಸ್ತ್ರವನ್ನು ಎರಡು ಬೆರಳಲ್ಲಿ ಮೆಲ್ಲಗೆ ತೆಗೆದರು. ಕೋಟು, ಟೈ, ಎಣ್ಣೆ ಹಚ್ಚಿ ಬಾಚಿದ ಕೂದಲು, ಎರಡೂ ಬದಿಗೆ ಚಾಚಿಕೊಂಡ ಅಗಲ ಕಿವಿ. ಟೀಚರ ಒಂದು ಕೈ ತಾನಾಗಿ ಎದ್ದು ಶಿರವಸ್ತ್ರದ ಮೇಲಿನಿಂದಲೇ ತಮ್ಮ ಕಿವಿಯನ್ನು ಮುಟ್ಟಿ ನೋಡಿತು.

"ಈ ಕಿವಿ ನನ್ನದು ಸಾರ್," ಎಂದರು. "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಎಲ್ಲಿಂದ ಬಂತು ಅಂತ ಹೆತ್ತ ಉಮ್ಮ ಒಂದು ದಿನವೂ ಹೇಳಲಿಲ್ಲ."

ಅವರ ಕಿವಿಯನ್ನು ನಾನು ನೋಡಿಲ್ಲ, ನೋಡುವಂತೆಯೂ ಇಲ್ಲ. ಮರುದಿನ ಕ್ಯಾಟಲಾಗಿನಲ್ಲಿ 'ಗುರುತಿಲ್ಲ' ಎಂಬುದನ್ನು ಹೊಡೆದುಹಾಕಿ ೨೧೪೬ ಎಂದೂ ಅವರ ತಂದೆಯ ಹೆಸರನ್ನೂ ಬರೆದೆ. ಗುರುತಿಸಿದವರು ಎಂಬ ಕಾಲಂನಲ್ಲಿ ಎರಡು ಸಾಲು ಬರೆದೆ: ಅಕ್ಕ, ಮುಂಡಾಸು ಕಟ್ಟಿ ನೋಡಿ. ಮಗಳು, ಮುಂಡಾಸು ತೆಗೆದು ನೋಡಿ.